ಕಿಟಕಿ ಇಲ್ಲದ ಕಣ್ಣಿನ ಬಸ್ಸು

ತೋಂಟದಾರ್ಯ ತನ್ನ ಹಳದಿ ಚೀಟಿಯನ್ನು ಶ್ರೀರಂಗಯ್ಯನ ಕೈಗೆ ತುರುಕಿ, ಅವನನ್ನು ಬಸ್ಸಿನ ಮೆಟ್ಟಿಲ ಮೇಲೆ ದಬ್ಬಿದ.

"ಹೆಸ್ರು ಕೇಳಿದ್ರೆ ತೋಂಟದಾರ್ಯ ಅನ್ನು. ಇನ್ನೇನೂ ಬಾಯಿ ಬಿಡಬೇಡ ಕಣ್ಲಾ."

"ನಂಗೆ ಸಕ್ಕರೆ ಕಾಯ್ಲೆ ಇಲ್ವಲ್ಲೋ!"

"ಅದಕ್ಕೇ ನೀನು ಬೇಕಾಗಿರೋದು. ನಡಿ."

ಬಾಗಿಲು ಮುಚ್ಚಿಕೊಂಡಿತು. ತುರುವೇಕೆರೆಯ ಸಮುದಾಯ ಭವನದ ಮುಂದೆ ನಿಂತಿದ್ದ ಆ ಕಣ್ಣಿನ ಆಸ್ಪತ್ರೆಯ ಬಸ್ಸಿಗೆ ಕಿಟಕಿಗಳೇ ಇರಲಿಲ್ಲ. ಕಿಟಕಿ ಇಲ್ಲದ ಬಸ್ಸನ್ನು ತೋಂಟದಾರ್ಯ ಜನ್ಮದಲ್ಲಿ ನಂಬಿದವನಲ್ಲ.

ಬೆಳಿಗ್ಗೆ ಭವನದೊಳಗೆ ಡಾಕ್ಟರಮ್ಮ ಅವನ ಕಣ್ಣಿಗೆ ಹನಿ ಹಾಕಿ, ಬೆಳಕು ಬಿಟ್ಟು ನೋಡಿ, "ಸಕ್ಕರೆಯಿಂದ ಕಣ್ಣಿನ ಹಿಂದೆ ರಕ್ತನಾಳ ಸೋರ್ತಿದೆ. ಇವತ್ತೇ ಬಸ್ಸಿನಲ್ಲಿ ಲೇಸರ್ ಮಾಡಿಸ್ಕೊಳ್ಳಿ" ಎಂದು ಹಳದಿ ಚೀಟಿ ಬರೆದುಕೊಟ್ಟಿದ್ದರು.

"ಮಾಡಿಸಿದ್ರೆ ಇನ್ನೂ ಚೆನ್ನಾಗಿ ಕಾಣುತ್ತಾ?"

"ಇಲ್ಲ. ಇರೋದು ಉಳಿಯುತ್ತೆ."

ಗೋಡೆಯ ಮೇಲಿನ ಅಕ್ಷರಗಳಲ್ಲಿ ಕಡೇ ಸಾಲನ್ನೂ ಓದಿ ಬಂದವನಿಗೆ, ಇರೋದನ್ನು ಉಳಿಸೋಕೆ ಲೇಸರಿನಿಂದ ಸುಡಬೇಕಂತೆ! ಅದೂ ಪುಕ್ಕಟೆ! ತಿಪಟೂರು ಮಾರುಕಟ್ಟೆಯಲ್ಲಿ ಇಪ್ಪತ್ತೆಂಟು ವರ್ಷ ಕೊಬ್ಬರಿ ಕೊಂಡವನಿಗೆ ಹಸಿ ಕಾಯಿಯನ್ನು ಕೊಬ್ಬರಿ ಅಂತ ಮಾರುವವರ ದನಿ ಗೊತ್ತಿತ್ತು.

ಅಲ್ಲಿ ಕೊಬ್ಬರಿಗೆ ದರ್ಜೆ ಹಾಕುವವನ ಮೇಲೆ ಅನುಮಾನ ಬಂದರೆ ಅವನ ಬಳಿ ಒಂದು ಉಪಾಯವಿತ್ತು. ಬೂಷ್ಟು ಹಿಡಿದ ಚೀಲದ ಚೀಟಿಯನ್ನು ಒಳ್ಳೇ ಚೀಲಕ್ಕೆ ಕಟ್ಟಿಬಿಡುವುದು. ಆಸಾಮಿ ಕೊಬ್ಬರಿ ನೋಡುತ್ತಾನೋ ಚೀಟಿ ನೋಡುತ್ತಾನೋ ಆಗ ಬಯಲಾಗುತ್ತದೆ. ಪಕ್ಕದ ಅಂಗಡಿಯ ಶ್ರೀರಂಗಯ್ಯ ಒಳ್ಳೇ ಚೀಲ. ಕಾಫಿಗೆ ನಾಲ್ಕು ಚಮಚ ಸಕ್ಕರೆ, ಆಸ್ಪತ್ರೆ ಕಡೆ ತಲೆ ಹಾಕಿ ಮಲಗಿದವನಲ್ಲ, ಇಲ್ಲಿಗೆ ಬಂದಿದ್ದೂ ಜೊತೆಗಿರಲಿ ಅಂತ. ಅವನಿಗೂ ಲೇಸರ್ ಅಂದರೆ ಮೋಸ ಸಾಬೀತು; ಆಗ ಮಾಡಿಸಿಕೊಳ್ಳದೆ ಎದ್ದು ಬಾ ಎಂದು ಮೊದಲೇ ಹೇಳಿಯಾಗಿತ್ತು.

"ಒಳಗೋಗಿ ಅರ್ಧ ಗಂಟೆ ಆಯ್ತಲ್ಲಪ್ಪ," ಸಾಲಿನಲ್ಲಿ ಕೂತಿದ್ದ ವಿಮಲಮ್ಮ ಎಂಬ ಹೆಂಗಸು ಮೂಗು ತೂರಿಸಿದರು. "ಯಾವ ಕಣ್ಣು ತೆಗೀತಾವ್ರೋ!"

ತೋಂಟದಾರ್ಯ ಬಸ್ಸಿನ ಬಾಗಿಲ ಕಡೆಗೆ ನಡೆದ.

ಅಷ್ಟರಲ್ಲಿ ಶ್ರೀರಂಗಯ್ಯ ಕಪ್ಪು ಕನ್ನಡಕ ಹಾಕಿಕೊಂಡು, ಹೊಸ ಮದುಮಗನ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಾ ಇಳಿದ.

"ನಿಂಗೂ ಲೇಸರ್ ಅಂದ್ರಾ?"

"ಅಂದ್ರು."

"ನೋಡಿದ್ಯಾ! ಕಳ್ಳರು!"

"ಮಾಡೂ ಬುಟ್ರು ಕಣ್ಲಾ."

"ಎದ್ದು ಬಾ ಅಂದಿದ್ನಲ್ಲೋ ಬಡ್ಡೀಮಗನೇ!"

"ನನ್ ಕಣ್ಣೊಳಗಿನ ಫೋಟೋ ತೋರಿಸಿದ್ರು. ಗೋಡೆಗೆ ಎಲೆಅಡಿಕೆ ಉಗ್ದಂಗೆ ಕೆಂಪು. ಸುಳ್ಳು ಅಂದೆ. ಬೆರಳು ಚುಚ್ಚಿದ್ರು, ಸಕ್ಕರೆ ಮುನ್ನೂರ ಎಂಬತ್ತು ಬಂತು. ಹತ್ತು ವರ್ಷದಿಂದ್ಲೇ ಇರ್ಬೇಕಂತೆ. ಹೆದ್ರಿ ಲೇಸರ್ ಮಿಷನ್ ಮೇಲೆ ಗದ್ದ ಇಟ್ಟೆ."

ತೋಂಟದಾರ್ಯ ಅಲ್ಲೇ ಲೆಕ್ಕ ಹಾಕಿದ. ಅವರು ಚೀಟಿ ನೋಡಿರಲಿಲ್ಲ, ಕೊಬ್ಬರಿಯನ್ನೇ ನೋಡಿದ್ದರು. ಹಾಗಾದರೆ ತನ್ನ ಬಗ್ಗೆ ಹೇಳಿದ್ದೂ ನಿಜ. ಒಂದು ವಾರದಿಂದ ಕಣ್ಣ ಮುಂದೆ ತೇಲುತ್ತಿದ್ದ ಕರಿ ಎಳೆಗಳನ್ನು ಜೇಡರ ಬಲೆಯೆಂದು ಅಂಗಡಿಯನ್ನು ಮೂರು ಸಲ ಗುಡಿಸಿದ್ದು ನೆನಪಾಯಿತು. ಹೆಸರು ಬರೆದುಕೊಳ್ಳುತ್ತಿದ್ದ ನರ್ಸ್ ಧನ್ಯಶ್ರೀಯ ಮೇಜಿಗೆ ಓಡಿದ.

"ಅಮ್ಮಾ, ನಂಗೂ ಲೇಸರ್ ಮಾಡಿಬಿಡಿ!"

"ಹೆಸರು?"

"ತೋಂಟದಾರ್ಯ."

"ಆಯ್ತಲ್ಲ. ಎರಡೂ ಕಣ್ಣು."

"ಅದು ಈ ಶ್ರೀರಂಗಯ್ಯನ ಕಣ್ಣು! ಚೀಟಿ ಮಾತ್ರ ನಂದು!"

ಧನ್ಯಶ್ರೀ ಇಬ್ಬರನ್ನೂ ಸಂಶಯದಿಂದ ನೋಡಿದಳು. "ಆದ ಕಣ್ಣನ್ನೇ ಮತ್ತೆ ಸುಟ್ರೆ ಯಾರ್ರೀ ಜವಾಬ್ದಾರಿ? ಬಸ್ಸು ಐದಕ್ಕೆ ಹೊರಡುತ್ತೆ, ಮತ್ತೆ ಬರೋದು ಆರು ತಿಂಗಳಿಗೆ. ಇವರು ತೋಂಟದಾರ್ಯ ಅಲ್ಲ ಅಂತ ಇವರೇ ಹೇಳ್ಲಿ. ಇವರ ಹೆಸರಲ್ಲಿ ಹೊಸ ಕಾರ್ಡ್ ಬರೀತೀನಿ, ನಿಮ್ಮನ್ನ ಒಳಗೆ ಬಿಡ್ತೀನಿ."

"ಹೇಳ್ಲಾ!" ತೋಂಟದಾರ್ಯ ಅವನ ತೋಳು ಹಿಡಿದು ಅಲ್ಲಾಡಿಸಿದ. "ನನ್ ಕಣ್ಣು ಹೋಗ್ತಾವೆ ಕಣಪ್ಪ!"

ಶ್ರೀರಂಗಯ್ಯ ಬಾಯಿ ತೆರೆದ.

"ಹಾಗೇ ನಿಮ್ಮ ಮನೆಯವರ ನಂಬರ್ ಕೊಡಿ," ಧನ್ಯಶ್ರೀ ಅವನತ್ತ ತಿರುಗಿ ಪೆನ್ನು ತೆಗೆದಳು. "ಇವತ್ತಿಂದ ಸಿಹಿ ಬಂದ್. ಊಟ ತಿಂಡಿ ಏನು ಕೊಡಬೇಕು ಅಂತ ಅವರಿಗೇ ಫೋನ್ ಮಾಡಿ ಹೇಳ್ತೀವಿ."

ಶ್ರೀರಂಗಯ್ಯನ ಬಾಯಿ ಮುಚ್ಚಿತು. ಅವನ ಹೆಂಡತಿ ಮಂಗಳಾ ಒಮ್ಮೆ ಬೀಡಿ ಬಿಡಿಸಲು ಹಿಡಿದವಳು, ಅವನ ಅಂಗಿಗಳ ಜೇಬನ್ನೆಲ್ಲ ಹೊಲಿದು ಮುಚ್ಚಿದ್ದಳು.

"ನೀವು ಶ್ರೀರಂಗಯ್ಯ ತಾನೇ?" ಧನ್ಯಶ್ರೀ ಹೊಸ ಕಾರ್ಡನ್ನು ಮುಂದೆ ಚಾಚಿದಳು.

"ಅಲ್ಲ," ಎಂದ ಅವನು. "ನಾನು ತೋಂಟದಾರ್ಯ. ನಂಗೆ ಆ ಕಾರ್ಡ್ ಬೇಡ."