ಮೀಟರಿಗೆ ದರ್ಭೆ

ನಮ್ಮ ಸೋದರಮಾವನಿಗೆ ಹೆದರಿಕೆ ಎಂಬುದೇ ಇಲ್ಲ ಎಂದರೆ ನೀವು ನಂಬಬೇಕು. ಕಾರ್ಖಾನೆಯಲ್ಲಿ ಇಡೀ ಸರ್ವಿಸ್ ಕಳೆದದ್ದು ಟ್ರಾನ್ಸ್‌ಫಾರ್ಮರುಗಳ ಮಧ್ಯೆ. ಇವತ್ತಿಗೂ ಎದೆ ಜೇಬಿನಲ್ಲಿ ಎರಡು ಮೊಬೈಲು ಇಟ್ಟುಕೊಂಡೇ ಹಲಸೂರು ಕೆರೆಯ ಕಡೆ ವಾಕಿಂಗ್ ಹೋಗುತ್ತಾರೆ. ಅಂಥವರು ಊಟದ ಡಬ್ಬಿಯಷ್ಟಿರುವ ಒಂದು ಪೆಟ್ಟಿಗೆಗೆ ನಡುಗಿಬಿಟ್ಟರು!

ಪೆಟ್ಟಿಗೆ ಅಂದರೆ ಹೊಸ ಸ್ಮಾರ್ಟ್ ಮೀಟರು. ರೀಡಿಂಗನ್ನು ತಾನೇ ಕಳಿಸುತ್ತದಂತೆ. ಹೇಗೆ? ಕಿರಣಗಳಲ್ಲಿ. ಆ ಕಿರಣ ಹಾಯುವ ದಾರಿಯಲ್ಲೇ ತೊಂದರೆ. ಮೀಟರು ಕೂತ ಗೋಡೆಯ ಒಳಮಗ್ಗುಲಲ್ಲಿ ಅತ್ತೆಯ ಮಂಚವಿದೆ, ಅತ್ತೆಯ ಎದೆಯಲ್ಲಿ ಹೋದ ವರ್ಷ ಹಾಕಿಸಿದ ಪೇಸ್‌ಮೇಕರ್ ಇದೆ. ಏನೂ ಆಗುವುದಿಲ್ಲ ಎಂದು ಡಾಕ್ಟರು ನಕ್ಕರು. ಅವರು ಹೃದಯ ಓದಿದವರು, ಕರೆಂಟು ಅವರಿಗೇನು ಗೊತ್ತು ಎಂದರು ಮಾವ. ಮಂಚವನ್ನು ಆಚೆ ಹಾಕೋಣವೆಂದರೆ ಅತ್ತೆ ಕಿಟಕಿಯ ಗಾಳಿ ಬಿಟ್ಟು ಬರಲೊಲ್ಲರು. ಇದೆಲ್ಲ ಹುಚ್ಚು ಎಂದುಬಿಟ್ಟರು.

ಗ್ರಹಣದ ದಿನ ಉಪ್ಪಿನಕಾಯಿ ಭರಣಿಯ ಮೇಲೂ ದರ್ಭೆ ಇಡುವ ಮನೆ ಅದು. ಗ್ರಹಣವನ್ನೇ ತಡೆಯುವ ದರ್ಭೆಗೆ ಮೀಟರು ಯಾವ ಲೆಕ್ಕ? ಮಾವ ಅದರ ನೆತ್ತಿಗೆ ಒಂದು ಕಟ್ಟು ದರ್ಭೆ ಬಿಗಿದರು. ಅದನ್ನು ನೋಡಿದ ಪಕ್ಕದ ಮನೆಯಾಕೆ, ಪಂಚಾಂಗ ನೋಡುವುದು ಮರೆತೆನೆಂದು ಗಾಬರಿಯಾಗಿ, ಮಾಡಿದ ಅಡುಗೆ ಚೆಲ್ಲಿ ತಲೆಗೆ ಸ್ನಾನ ಮಾಡಿದರಂತೆ!

ದರ್ಭೆಯ ಮೇಲೂ ಪೂರ್ತಿ ನಂಬಿಕೆ ಬರದೆ ಮಾವ ಶಿವಾಜಿನಗರಕ್ಕೆ ಹೋದರು, ನನ್ನನ್ನೂ ಎಳೆದುಕೊಂಡು. ಅಂಗಡಿಯಲ್ಲಿದ್ದ ಅಲ್ಯೂಮಿನಿಯಂ ಫಾಯಿಲೆಲ್ಲ ಬೇಕೆಂದಾಗ ಅಂಗಡಿಯ ಭಾಯಿಗೆ ಸಂತೋಷವಾಯಿತು.

"ಎಷ್ಟು ಜನಕ್ಕೆ ಬಿರಿಯಾನಿ ಸಾರ್?"

"ಒಬ್ಬರಿಗೇ" ಎಂದರು ಮಾವ. ಭಾಯಿ ನಮ್ಮನ್ನು ಬಹಳ ಗೌರವದಿಂದ ಕಳಿಸಿಕೊಟ್ಟರು.

ಗೋಡೆಗೆ ಒಳಗೂ ಹೊರಗೂ ಫಾಯಿಲು, ಮೀಟರಿಗೆ ಮೂರು ಸುತ್ತು. ಕೋಣೆಯಲ್ಲಿ ಫೋನು ಸತ್ತೇಹೋಯಿತು. ತಂಗಿಯ ಜೊತೆ ಮಾತಾಡಲು ಅತ್ತೆ ಗೇಟಿನ ಹತ್ತಿರ ಹೋಗಿ ನಿಲ್ಲಬೇಕಾಯಿತು. ಕೆಲಸ ಮಾಡ್ತಾ ಇದೆ ನೋಡು ಎಂದು ಮಾವ ಬೀಗಿದರು. ರೀಡಿಂಗೂ ನಿಂತುಹೋಗಿತ್ತು. ಇನ್ನು ಮನೆಗೆ ಯಾರೂ ಬರಬೇಕಿಲ್ಲ ಎಂದು ಹಾಕಿದ ಮೀಟರನ್ನು ಹುಡುಕಿಕೊಂಡು ಮನುಷ್ಯನೇ ಬಂದ! ಫಾಯಿಲೆಲ್ಲ ಕಿತ್ತು, ಇನ್ನೊಮ್ಮೆ ಹೀಗಾದರೆ ಲೈನ್ ತೆಗೆಯುತ್ತೇವೆ ಎಂದ. ದರ್ಭೆಯನ್ನು ಮಾತ್ರ ಮುಟ್ಟಲು ಧೈರ್ಯ ಸಾಲದೆ ಕೈಮುಗಿದು ಹೋದ.

ಮರುವಾರ ಮಾವನನ್ನು ರೇಗಿಸಬೇಕೆಂದೇ ಹೋದೆ. ಅತ್ತೆಯ ಮಂಚ ಕಿಟಕಿಯ ಹತ್ತಿರವೇ ಇತ್ತು, ಆದರೆ ಗೋಡೆಯಿಂದ ಸ್ವಲ್ಪ ಈಚೆಗೆ ಬಂದಿತ್ತು. ನಡುವಿನ ಸಂದಿಗೆ ವರಾಂಡದ ಬೆಂಚು ತುರುಕಿ, ಗೋಡೆಗೆ ಬೆನ್ನು ಕೊಟ್ಟು ಮಾವ ಒಂದೇ ಮಗ್ಗುಲಲ್ಲಿ ಮಲಗಿದ್ದರು. ಅವರ ಮೈಗೆ ಆ ಬೆಂಚು ಅರ್ಧವೂ ಸಾಲದು.

"ಇದೇನ್ ಮಾವ, ಇಲ್ಲಿ?"

"ಬೇರೆ ಏನ್ ಇಟ್ರೂ ಕಿತ್ತುಹಾಕ್ತಾರಲ್ಲಪ್ಪ. ನಾನೇ ಅಡ್ಡ ಇರ್ತೀನಿ."

"ನಿಮಗೇನಾದ್ರೂ ಆದ್ರೆ?"

"ನನಗಾದ್ರೆ ಆಗ್ಲಿ ಬಿಡು."

ಹುಚ್ಚು ಎನ್ನುತ್ತಿದ್ದ ಅತ್ತೆಯೇ ತಮ್ಮ ತಲೆಯಡಿಯ ದಿಂಬು ತೆಗೆದು, ಬೆಂಚು ಗಟ್ಟಿ ಇದೆ, ತಗೊಳ್ಳಿ ಎಂದು ಮಾವನ ಕಡೆ ಸರಿಸಿದರು.