ನಮ್ಮ ಮನೆಯ ನೀರು ಎಲ್ಲಿ ಹೋಯಿತು?

ಇಪ್ಪತ್ತೆರಡು ವರ್ಷ ಮಕ್ಕಳಿಗೆ ಜಲಚಕ್ರದ ಪಾಠ ಹೇಳಿದವನ ಬಚ್ಚಲಿನ ಗೋಡೆಯನ್ನು ಯಾರೂ ಸುತ್ತಿಗೆಯಿಂದ ಒಡೆಸಬಾರದಿತ್ತು. ಒಡೆಸಿದವನು ನಾನೇ ಎಂಬುದು ಬೇರೆ ಮಾತು.

ನಮ್ಮ ಕಟ್ಟಡದಲ್ಲಿ ಎಂಟು ಮನೆ. ಕೊಳವೆಬಾವಿ ನೀರಿನ ಬದಲು ಕೆಮ್ಮನ್ನು ಮೇಲೆತ್ತತೊಡಗಿದಾಗ ಒಂದು ಜಲ ಸಮಿತಿ ಹುಟ್ಟಿತು. ಸಮಿತಿಯೆಂದರೆ ಎಂಟು ಮನೆಯ ಎಂಟು ಗಂಡಸರು. (ಹೆಂಗಸರಿಗೆ ಪುರುಸೊತ್ತಿರುವುದಿಲ್ಲ ಎಂದು ನಾವೇ ಉದಾರವಾಗಿ ಅವರನ್ನು ಬಿಟ್ಟುಕೊಟ್ಟಿದ್ದೆವು.) ನಾನು ಭೂಗೋಳದ ಮೇಷ್ಟ್ರು. ಹಾಗಾಗಿ ಅಧ್ಯಕ್ಷ ಪೀಠ ತಾನಾಗಿಯೇ ಬಂದು ನನ್ನ ಕೆಳಗೆ ಕೂತಿತು.

ಭಾನುವಾರದ ಸಭೆಯಲ್ಲಿ ನಾವು ಆರಿಸಬೇಕಾಗಿದ್ದುದು ಇಷ್ಟು: ತಾರಸಿಯ ಮಳೆನೀರನ್ನು ತೊಟ್ಟಿಗೆ ಇಳಿಸುವುದೋ, ಅಥವಾ ಸ್ನಾನದ ನೀರು, ಬಟ್ಟೆ ಒಗೆದ ನೀರನ್ನು ಸೋಸಿ ಟಾಯ್ಲೆಟ್ಟಿಗೂ ಗಿಡಗಳಿಗೂ ಮರಳಿ ಕಳಿಸುವ ಯಂತ್ರ ತರಿಸುವುದೋ. ಹೀಗೆ ಮರಳಿ ಬಳಸುವ ನೀರಿಗೆ ಬಲ್ಲವರು ಬೂದು ನೀರು ಎನ್ನುತ್ತಾರೆ. ನಾನೂ ಎನ್ನತೊಡಗಿದೆ.

ಯಂತ್ರದ ಚಿತ್ರ ನೋಡಿ ನನ್ನ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದಳು.

"ರೀ, ಇದನ್ನೇ ಹಾಕಿಸಿ. ನನ್ನ ಸೊಂಟ ಬಿದ್ದು ಹೋಗ್ತಾ ಇದೆ."

"ಬೂದು ನೀರಿಗೂ ನಿನ್ನ ಸೊಂಟಕ್ಕೂ ಏನೇ ಸಂಬಂಧ? ಇದು ತಾಂತ್ರಿಕ ವಿಷಯ."

ಅವಳು ನನ್ನನ್ನೇ ದಿಟ್ಟಿಸಿದಳು. ಅದನ್ನು ಮೆಚ್ಚುಗೆಯೆಂದು ಸ್ವೀಕರಿಸಿ ಹೊರಟೆ.

ಸಲಹೆಗೆಂದು ಬಂದ ಇಂಜಿನಿಯರ್ ಹುಡುಗಿ ಅಂದಾಜಿಗೆ ಒಪ್ಪುವವಳಲ್ಲ. "ದಿನಕ್ಕೆ ಎಷ್ಟು ನೀರು ಆಚೆ ಹೋಗುತ್ತೆ ಅಂತ ಮೊದಲು ಅಳೀಬೇಕು ಸರ್. ಇಲ್ಲಾಂದ್ರೆ ಎಷ್ಟು ದೊಡ್ಡ ಯಂತ್ರ ಅಂತ ಹೇಗೆ ಹೇಳೋದು?" ಎಂದವಳೇ ನಮ್ಮ ಬಚ್ಚಲಿನ ನೀರು ಆಚೆ ಹೋಗುವ ಕೊಳವೆಗೊಂದು, ಎದುರು ಮನೆಯ ಹಲ್ಲಿನ ಡಾಕ್ಟರ ಕೊಳವೆಗೊಂದು ಮೀಟರು ಕೂರಿಸಿದಳು. ಆದರ್ಶ ಕುಟುಂಬದ ಮಾದರಿಯಾಗಿ ನಮ್ಮ ಮನೆಯನ್ನು ಸೂಚಿಸಿದವನು ನಾನೇ.

ವಾರದ ನಂತರ ಲೆಕ್ಕ ಬಂತು. ಡಾಕ್ಟರ ಮನೆ ದಿನಕ್ಕೆ ಮುನ್ನೂರು ಲೀಟರು. ನಮ್ಮ ಮನೆ ಹನ್ನೊಂದು.

"ಸರ್..." ಹುಡುಗಿ ಸಂಕೋಚದಿಂದ ಕೇಳಿದಳು, "ಮನೇಲಿ ಯಾರೂ ಸ್ನಾನ ಮಾಡಲ್ವಾ?"

ಪಕ್ಕದಲ್ಲಿದ್ದ ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು.

ಅಧ್ಯಕ್ಷನ ಮೈಯ ಶುಚಿತ್ವವೇ ಚರ್ಚೆಗೆ ಬಿದ್ದ ಮೇಲೆ ಸುಮ್ಮನಿರಲಾದೀತೇ? "ಸೋರಿಕೆ! ಗೋಡೆಯೊಳಗೆ ಪೈಪು ಸೋರ್ತಿದೆ" ಎಂದು ಘೋಷಿಸಿದೆ.

"ಅಪ್ಪ, ಅಮ್ಮನ್ನ ಒಂದ್ಸಲ ಕೇಳಬಾರ್ದಾ?" ಎಂದಳು ಮಗಳು.

"ಅಮ್ಮ ಏನು ಪೈಪಾ?"

ಪ್ಲಂಬರ್ ಬಂದ. ಟೈಲ್ಸು ಮೂರು ಸಾಲು ಉದುರಿದವು. ಕೊನೆಗೆ ಅವನು ಪೈಪನ್ನು ಸವರಿ, "ಮೇಷ್ಟ್ರೇ, ಇದು ಸೋರೋದಿರಲಿ, ನೀರನ್ನೇ ನೋಡಿದ ಹಾಗಿಲ್ಲ" ಎಂದ.

ಅಷ್ಟರಲ್ಲಿ ಎರಡು ಕೈಯಲ್ಲಿ ಎರಡು ಬಕೆಟ್ಟು ಹಿಡಿದು ಹೆಂಡತಿ ಬಂದಳು. "ಜಾಗ ಬಿಡಿ, ಕೆಲಸ ಇದೆ."

ಇಂಜಿನಿಯರ್ ಹುಡುಗಿ ಬಗ್ಗಿ ನೋಡಿದಳು. "ಅಕ್ಕ, ಇದ್ಯಾವ ನೀರು?"

"ಬಟ್ಟೆ ಜಾಲಿಸಿದ್ದು. ಇದ್ರಲ್ಲಿ ನೆಲ ಒರೆಸ್ತೀನಿ. ಒರೆಸಿದ್ದು ಟಾಯ್ಲೆಟ್ಟಿಗೆ. ತರಕಾರಿ ತೊಳೆದದ್ದು ಗಿಡಕ್ಕೆ. ಸ್ನಾನದ್ದು ಮಸಿಬಟ್ಟೆ, ಕಾಲೊರಸು ಒಗೆಯೋಕೆ. ಮಳೆ ಬಂದ್ರೆ ಬಾಲ್ಕನೀಲಿ ಡ್ರಮ್ಮಿದೆ. ಮೊದಲ ಹತ್ತು ನಿಮಿಷದ ಕೊಳೆ ನೀರು ಬಿಟ್ಟು, ಆಮೇಲೆ ಬಟ್ಟೆ ಕಟ್ಟಿ ಹಿಡೀತೀನಿ."

"ಸ್ನಾನದ ನೀರು ಹೇಗೆ ಹಿಡೀತೀಯೇ?" ಎಂದೆ ನಾನು.

"ನೀವು ಟಬ್ಬಲ್ಲಿ ನಿಂತು ಸ್ನಾನ ಮಾಡ್ತೀರಲ್ಲ. ಯಾಕೆ ಅಂತ ಹತ್ತು ವರ್ಷದಲ್ಲಿ ಒಂದ್ಸಲ ಕೇಳಿದ್ದೀರಾ?"

ಕೇಳಿರಲಿಲ್ಲ. ಕಾಲು ಜಾರದಿರಲೆಂದು ಪ್ರೀತಿಯಿಂದ ಇಟ್ಟಿದ್ದಾಳೆಂದು ನಂಬಿದ್ದೆ.

ಹುಡುಗಿ ಇಡೀ ದಿನ ಅವಳ ಹಿಂದೆ ಸುತ್ತಿ ಎಣಿಸಿದಳು. ಇಪ್ಪತ್ತಾರು ಬಕೆಟ್ಟು. "ಇದನ್ನ ಕಾಲೇಜಲ್ಲಿ ನಮಗೆ ಎರಡು ವರ್ಷ ಪಾಠ ಮಾಡಿದ್ರು ಅಕ್ಕ" ಎಂದು ನಿಟ್ಟುಸಿರು ಬಿಟ್ಟಳು.

ಭಾನುವಾರ ಸಭೆ. ಎಂಟೂ ಮನೆಯ ಹೆಂಗಸರು ಬಾಗಿಲ ಬಳಿ ನಿಂತಿದ್ದರು. ಎದ್ದು ನಿಂತಾಗ ನನ್ನ ಎದೆ ಹೆಮ್ಮೆಯಿಂದ ಉಬ್ಬಿತ್ತು. "ಮಹನೀಯರೇ! ನಮ್ಮ ಮನೆಯಲ್ಲಿ ಹತ್ತು ವರ್ಷಗಳಿಂದ ಒಂದು ಮಹಾನ್ ವ್ಯವಸ್ಥೆ ನಡೆಯುತ್ತಿದೆ. ವಿದ್ಯುತ್ ಬೇಡ, ರಿಪೇರಿಯಿಲ್ಲ, ಸದ್ದಿಲ್ಲ. (ಸೊಂಟದ ನರಳಾಟವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.) ಹೀಗಿರುವಾಗ ಯಂತ್ರವೇಕೆ? ಮನೆಮನೆಯಲ್ಲೂ ಇದನ್ನೇ ಜಾರಿಗೆ ತರೋಣ!"

ಚಪ್ಪಾಳೆ. ನನ್ನದೂ ಸೇರಿ ಎಂಟು ಕೈ ಮೇಲೆದ್ದವು.

ಹೆಂಡತಿಯ ಮುಖ ಒಂದು ಗಳಿಗೆ ಬಾಡಿತು. ಒಂದೇ ಗಳಿಗೆ. ಆಮೇಲೆ ಅವಳು ಒಳಗೆ ಬಂದು ಇಂಜಿನಿಯರ್ ಹುಡುಗಿಯ ಪಕ್ಕ ಕೂತಳು.

"ಒಳ್ಳೇ ಮಾತು. ಕೈ ಎತ್ತಿದವರ ಹೆಸರು ಬರ್ಕೊಳ್ಳಮ್ಮ. ನಾಳೆಯಿಂದ ಆಯಾ ಮನೆ ಬಕೆಟ್ಟು ಆಯಾ ಕೈಗೆ."

"ಲೇ, ನಾನು ಅಧ್ಯಕ್ಷ ಕಣೇ..."

"ಅಧ್ಯಕ್ಷರದ್ದು ಮೊದಲು ಬರಿ."

ಬಾಗಿಲ ಬಳಿ ಎದ್ದ ಚಪ್ಪಾಳೆ ನಮ್ಮದಕ್ಕಿಂತ ಜೋರಾಗಿತ್ತು.

ಸೋಮವಾರ ಇಪ್ಪತ್ತಾರೂ ಹೊತ್ತೆ. ಅರ್ಧ ಬಕೆಟ್ಟು ನೀರು ಪಾದದ ಮೇಲೆಯೇ ಖರ್ಚಾಯಿತು. ಮಂಗಳವಾರವೂ ಹೊತ್ತೆ, ಮಾತು ಮಾತ್ರ ನಿಂತಿತು. ಬುಧವಾರ ಹದಿನಾಲ್ಕನೆಯದನ್ನು ಎತ್ತಲು ಬಗ್ಗಿದಾಗ ಬೆನ್ನಿನೊಳಗೆ ಏನೋ 'ಕಳಕ್' ಎಂದಿತು. ಬಗ್ಗಿದ ಭಂಗಿಯಲ್ಲೇ ನನ್ನನ್ನು ಹಾಸಿಗೆಗೆ ಸಾಗಿಸಿದರು.

ಅಧ್ಯಕ್ಷನೇ ಏಳಲಾರನಾದ್ದರಿಂದ ತುರ್ತುಸಭೆ ನನ್ನ ಮಂಚದ ಸುತ್ತ ಸೇರಿತು. ಡಾಕ್ಟರ ಕೈ ನಡುಗುತ್ತಿದ್ದುದನ್ನು ಕಂಡು ಬೆಳಗಿನಿಂದ ಒಬ್ಬ ರೋಗಿಯೂ ಅವರಿಗೆ ಬಾಯಿ ತೆರೆದಿರಲಿಲ್ಲ. "ಯಂತ್ರ ತರಿಸೋಣ ಮೇಷ್ಟ್ರೇ, ಇವತ್ತೇ" ಎಂದರು. ಏಳು ಕೈಗಳು ನರಳುತ್ತಾ ಮೇಲೆದ್ದವು. ನನ್ನದು ಏಳಲೇ ಇಲ್ಲ. ಹೆಂಡತಿ ಬಂದು ನನ್ನ ಮೊಣಕೈ ಹಿಡಿದು ಮೇಲೆತ್ತಿದಳು.

"ಎಂಟು" ಎಂದ ಹುಡುಗಿಯ ಪೆನ್ನು ತಡೆದು ನಿಂತಿತು. "ಈ ಕೈನ ಸರ್‌ದು ಅಂತ ಬರೀಲಾ, ಅಕ್ಕಂದು ಅಂತ ಬರೀಲಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಹೇಳಿದಳು:

"ನಂದು ಅಂತ ಬರಿ. ಅವರದ್ದು ಇನ್ನೂ ಹದಿಮೂರು ಬಕೆಟ್ಟು ಬಾಕಿ ಇದೆ."