ಮೆಟ್ಟಿಲ ಮೇಲಿನ ಯಥಾಸ್ಥಿತಿ

"ಇನ್ನೊಂಚೂರು ಎಡಕ್ಕೆ... ಅಯ್ಯೋ, ನಿಮ್ಮ ಎಡಕ್ಕಲ್ಲ, ನನ್ನ ಎಡಕ್ಕೆ!"

ಮೇಲಿನಿಂದ ಹೆಂಡತಿ ಪಿಸುಗುಟ್ಟಿದಳು. ಕೆಳಗೆ ಬೀರುವಿಗೆ ಹೆಗಲು ಕೊಟ್ಟಿದ್ದ ದರ್ಜಿ ಬಲಕ್ಕೆ ವಾಲಿದ. ಮೆಟ್ಟಿಲಿನ ತಿರುವಿನಲ್ಲಿ ಬೀರು ಗಂಟಲಿಗೆ ಸಿಕ್ಕ ಮುಳ್ಳಿನಂತೆ ಕೂತುಬಿಟ್ಟಿತು.

ಅದು ತೀರಿಕೊಂಡ ಅಮ್ಮನ ಬೀರು, ಮಹಡಿಯಲ್ಲೇ ಉಳಿದಿದ್ದು. ಅದರ ದೆಸೆಯಿಂದಲೇ ಮಹಡಿಯ ದರ್ಜಿಗೂ, ಕೆಳಮನೆಯಲ್ಲಿದ್ದ ಅಣ್ಣನಿಗೂ ಮಾತು ನಿಂತು ವರ್ಷವಾಗಿತ್ತು. ಅಣ್ಣ ಗೋಡೆಗೆ ಬಣ್ಣ ಹೊಡೆಯುವವನು. "ನಿಮ್ಮಣ್ಣ ನಿಮ್ಮ ಮಹಡಿ ಬಾಗಿಲಿನ ಅಳತೆ ತಗೊಂಡ್ರು. ಬೀರು ಸಾಗಿಸೋ ಹುನ್ನಾರ. ಮೊದಲು ನೀವೇ ತಂದು ನನ್ನಂಗಡಿ ಹಿಂದೆ ಬಚ್ಚಿಡಿ" ಎಂದು ಎದುರಂಗಡಿಯ ಕ್ಷೌರಿಕ ಕಿವಿ ಚುಚ್ಚಿದ್ದ. ಅಣ್ಣ ಮಧ್ಯಾಹ್ನ ಮಲಗುವ ಹೊತ್ತು ನೋಡಿ ಗಂಡಹೆಂಡಿರು ಕೈ ಹಾಕಿದ್ದರು.

"ಬೇಗ ಬಿಡಿಸ್ರೀ. ಇವತ್ತೂ ಡ್ಯೂಟಿಗೆ ತಡವಾದ್ರೆ ಆಸ್ಪತ್ರೆಯವರು ಇನ್ನು ಬರಲೇಬೇಡ ಅಂತಾರೆ" ಎಂದಳು ನರ್ಸು ಹೆಂಡತಿ.

ಅಷ್ಟರಲ್ಲಿ ಕೋರ್ಟಿನ ಅಮೀನ ಬಂದು ನಿಂತ. ಹಿಂದೆಯೇ ಕ್ಷೌರಿಕ.

ಅಮೀನ ಕಾಗದ ಬಿಡಿಸಿ ಓದಿದ: "ಮುಂದಿನ ಆದೇಶದವರೆಗೆ ಉಭಯ ಪಕ್ಷದವರೂ ಸದರಿ ಬೀರುವಿನ ಯಥಾಸ್ಥಿತಿ ಕಾಪಾಡತಕ್ಕದ್ದು."

"ಹಂಗಂದ್ರೆ?"

ವಕೀಲರ ಗಡ್ಡ ಹೆರೆದೇ ಕಾನೂನು ಕಲಿತಿದ್ದ ಕ್ಷೌರಿಕ ಬಾಯಿ ಹಾಕಿದ. "ಎಲ್ಲಿದೆಯೋ ಅಲ್ಲೇ, ಹೇಗಿದೆಯೋ ಹಾಗೇ ಇರಬೇಕು. ಮುಟ್ಟಿದ್ರೆ ಜೈಲು!"

ಕಾದ ಇಸ್ತ್ರಿಪೆಟ್ಟಿಗೆ ತಗುಲಿದಂತೆ ದರ್ಜಿ ಕೈ ಹಿಂದೆಳೆದುಕೊಂಡ. "ವಾಪಸ್ ಮೇಲಕ್ಕಾದ್ರೂ ತಳ್ಳಲಾ ಸ್ವಾಮಿ?"

"ನಾನು ಕಂಡಿದ್ದು ಮೆಟ್ಟಿಲ ಮೇಲೆ, ಹಾಗೇ ಬರೆದುಕೊಂಡಿದ್ದೀನಿ. ಇನ್ನು ಅಲ್ಲಾಡಿಸೋಕೆ ಜಡ್ಜ್ ಸಾಹೇಬ್ರನ್ನೇ ಕೇಳ್ಬೇಕು. ನಾಳೆಯಿಂದ ಕೋರ್ಟಿಗೆ ರಜೆ."

ಬೀರುವಿನ ನೆತ್ತಿಯ ಮೇಲೆ ಎರಡು ಕಣ್ಣು ಕಾಣಿಸಿದವು. "ಮತ್ತೆ ನಾನು?"

"ಅಕ್ಕೋರೂ ಯಥಾಸ್ಥಿತಿನೇ" ಎಂದ ಕ್ಷೌರಿಕ.

"ಮೊದಲು ನಿನ್ನ ನಾಲಿಗೇನ ಯಥಾಸ್ಥಿತಿ ಇಡಪ್ಪಾ!"

ದರ್ಜಿಗೆ ರೇಗಿತು. "ಒಡಹುಟ್ಟಿದವನ ಮೇಲೆ ಆರ್ಡರ್ ತಂದಿದಾನಲ್ಲ, ಅವನಿಗೆ ನಾಚಿಕೆ ಬೇಡ್ವಾ?"

ಅಮೀನ ಕಾಗದವನ್ನು ಅವನ ಮೂಗಿನ ಮುಂದೆ ಹಿಡಿದ. "ಅಣ್ಣನವರು ಎದುರುದಾರರು. ಅರ್ಜಿ ಹಾಕಿದ್ದು ನೀವು. ಈ ಸಹಿ ನಿಮ್ಮದೇ ತಾನೆ?"

ತನ್ನದೇ. ಸಿಟ್ಟಿನ ಭರದಲ್ಲಿ ವಕೀಲರು ಬೆರಳಿಟ್ಟ ಕಡೆಯೆಲ್ಲ ಸಹಿ ಹಾಕಿ, ಆಮೇಲೆ ಮರೆತೇಬಿಟ್ಟಿದ್ದ.

"ನಾನು ಅವನನ್ನ ತಡೀರಿ ಅಂದಿದ್ದು!"

"ಉಭಯ ಪಕ್ಷ ಅಂದ್ರೆ ಇಬ್ಬರೂನೂ" ಎಂದು ಅಮೀನ ಹೊರಟುಹೋದ.

"ಕಿಟಕಿಯಿಂದ ಇಳೀತೀನಿ, ಏಣಿ ತನ್ನಿ" ಎಂದಳು ಹೆಂಡತಿ.

ಆ ಬೀದಿಯಲ್ಲಿ ಅಷ್ಟುದ್ದದ ಏಣಿ ಇದ್ದದ್ದು ಅಣ್ಣನೊಬ್ಬನ ಹತ್ತಿರ.

"ಅವನ ಜೊತೆ ಮಾತಾಡಲ್ಲ ಅಂತ ಆಣೆ ಹಾಕಿದೀನಲ್ಲೇ..."

"ಮಾತಾಡಬೇಡಿ. ಆ ಕಾಗದ ಅವರಿಗೆ ಕೊಡಿ. ಅಂಗಿ ಬದಲಾಯಿಸಿದಾಗೆಲ್ಲ ಜೇಬಿಂದ ಜೇಬಿಗೆ ಹಾಕ್ಕೊಂಡು ತಿರುಗ್ತೀರಲ್ಲ, ಅದು. ಬಟ್ಟೆ ಒಗೆಯೋಳು ನಾನು, ಗೊತ್ತಿಲ್ವಾ?"

ಎಂದೋ ಬರೆದು ಕೊಡದೇ ಉಳಿಸಿಕೊಂಡಿದ್ದ, ಮಡಿಕೆ ಸವೆದ ಕಾಗದವನ್ನು ದರ್ಜಿ ಹೊರತೆಗೆದ. 'ಅಣ್ಣಾ, ಬೀರು ನೀನೇ ಇಟ್ಟುಕೋ. ಮೊದಲಿನ ಹಾಗೆ ಮಾತಾಡು.' ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಅದರಡಿ ಬರೆದ: 'ಸದ್ಯಕ್ಕೆ ಏಣಿ ಕೊಡು.'

"ಏಣಿ ಬಂದ್ರೆ ಇಳಿಯೋದು ನಾನು. ನೀವು ಹತ್ತೋ ಹಾಗಿಲ್ಲ" ಎಂದಳು ಮೇಲಿನಿಂದ. "ರಜೆ ಮುಗಿಯೋತನಕ ನಿಮ್ಮಣ್ಣನ ಮನೇಲೇ ಬಿದ್ದಿರಿ."

ದರ್ಜಿ ಕುಕ್ಕರುಗಾಲಿನಲ್ಲಿ ಕೂತು ಅಣ್ಣನ ಬಾಗಿಲಡಿಯ ಸಂದಿಯಲ್ಲಿ ಕಾಗದ ತೂರಿಸಿದ. ಅರ್ಧ ಹೋಗಿ ನಿಂತಿತು. ಇನ್ನೂ ತಳ್ಳಬೇಕೋ ಬೇಡವೋ ಎಂದು ನೋಡುವಷ್ಟರಲ್ಲಿ, ಒಳಗಿನಿಂದ ಯಾರೋ ಅದನ್ನು ಸರ್ರನೆ ಎಳೆದುಕೊಂಡರು.